ಒಂಟಿ ಸುತ್ತಿನ ನಂದಿಬಟ್ಟಲು

ಯಾವುದನ್ನು ನೋಡಬೇಕೆಂದು ಕಣ್ಣು ನೆಡುತ್ತೇನೋ ಅದೇ ನನಗೆ ಕಾಣುವುದಿಲ್ಲ; ಅದರ ಅಕ್ಕಪಕ್ಕದ್ದೆಲ್ಲ ಕಾಣುತ್ತದೆ. ಮೊದಲು ಗೊತ್ತಾದದ್ದು ಅಕ್ಕಿ ಆರಿಸುವಾಗ. ಮೊರದ ಅಂಚಿನ ಕಾಳುಗಳಿದ್ದವು, ಬೆರಳಿಗೆ ತಾಗಿದ ಕಲ್ಲು ಮಾತ್ರ ಇರಲಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನ ಕಸೂತಿಯನ್ನು ಮಗುಚಿ, ಹಿಂಬದಿಯೂ ಎಷ್ಟು ಚೊಕ್ಕ ಎಂದು ಇಡೀ ಕ್ಲಾಸಿಗೆ ತೋರಿಸುತ್ತಿದ್ದರು. ಈಗ ಸೂಜಿಯೇ ಸಿಗುವುದಿಲ್ಲ.

ಕಣ್ಣಿನ ಡಾಕ್ಟರು ಮೆಲ್ಲಗೆ ಹೇಳಿದರು. ಒಳಪರದೆಯ ನಡುಭಾಗ ಸವೆಯುತ್ತಿದೆಯಂತೆ. ಆಪರೇಷನ್ ಇಲ್ಲ, ಮದ್ದಿಲ್ಲ, ಹೋದದ್ದು ಬರುವುದಿಲ್ಲ. ನನ್ನ ಗಂಡ ಚೆನ್ನೈನ ಪ್ಯಾರೀಸ್ ಕಾರ್ನರಿನ ನಮ್ಮ ಹೋಟೆಲಿನಲ್ಲಿದ್ದರು. ಜೊತೆಗೆ ಬಂದವರು ಅತ್ತೆ. ಕುಂದಾಪುರದ ಕಡೆಯವರು, ಇಷ್ಟು ವರ್ಷವಾದರೂ ಅವರ ತಮಿಳು ತರಕಾರಿ ಕೊಳ್ಳುವಷ್ಟೇ.

ಹೊರಗೆ ಆಟೋ ಕಾಯುವಾಗ, ಎದುರು ಮನೆಯ ಕಾಂಪೌಂಡಿನಿಂದ ಚಾಚಿದ್ದ ನಂದಿಬಟ್ಟಲಿನ ಗೆಲ್ಲೊಂದನ್ನು ಅತ್ತೆ ಚಟಕ್ಕನೆ ಮುರಿದರು.

“ಯಾರಮ್ಮಾ ಅದು?” ಒಳಗಿನಿಂದ ಹೆಂಗಸೊಬ್ಬರು ಓಡಿ ಬಂದರು.

“ಕಣ್ಣಿಗ್ ಮಾರಾಯ್ತಿ, ಕಣ್ಣಿಗ್!” ಎಂದು ಅತ್ತೆ ನನ್ನ ಗಲ್ಲ ಹಿಡಿದು ಮುಖವನ್ನು ಅತ್ತ ತಿರುಗಿಸಿದರು. ಆಕೆ ನನ್ನ ಕಣ್ಣು ನೋಡಿ, ಕತ್ತರಿ ತಂದು ಇನ್ನೆರಡು ಗೆಲ್ಲು ಕತ್ತರಿಸಿ ಕೊಟ್ಟರು. ಡಾಕ್ಟರ ಮಾತಿಗೆ ಬಾರದ ಅಳು ನನಗೆ ಆಗ ಬಂತು.

ನಮ್ಮ ಫ್ಲಾಟಿನ ಕೆಳಗೂ ನಂದಿಬಟ್ಟಲಿದೆ. ಆದರೆ ಅದು ಎಸಳ ಮೇಲೆ ಎಸಳು ತುಂಬಿದ ಗುಂಡು ಹೂ. “ಅದ್ ದೇವ್ರಿಗ್ ಸೈ. ಕಣ್ಣಿಗೆ ಒಂಟಿ ಸುತ್ತಿಂದೇ ಆಯ್ಕ್, ಐದೇ ಎಸಳಿಂದ್,” ಎನ್ನುತ್ತಾ ಅತ್ತೆ ಗೆಲ್ಲಿನ ಬುಡವನ್ನು ಓರೆಯಾಗಿ ಕೊಯ್ದರು. ಒಸರಿದ ಬಿಳಿ ಹಾಲು ತೊಳೆದು, ಕೆಳಗಿನ ಎಲೆ ಕಿತ್ತು, ಹಳೆ ಪೇಂಟ್ ಡಬ್ಬಿಯಲ್ಲಿ ಮರಳು ಬೆರೆಸಿದ ಕೆಂಪು ಮಣ್ಣಿಗೆ ಊರಿದರು. ಬಾಲ್ಕನಿಯ ನೆರಳಲ್ಲಿಟ್ಟರೂ ಚೆನ್ನೈ ಬಿಸಿಲಿಗೆ ಎರಡು ಒಣಗಿದವು. ಮೂರನೆಯದು ಚಿಗುರಿದೆ ಎಂದು ಅವರು ಹೇಳಿದ ಮೇಲೆ ನಾನು ಬೆರಳಿಂದ ಮುಟ್ಟಿ ನೋಡಿದೆ.

“ಪೂ ವೆಚ್ಚಾ ಕಣ್ಣು ತೆರಿಯುಮಾ ಅಜ್ಜಿ?” ಹೂವಿಟ್ಟರೆ ಕಣ್ಣು ಕಾಣುತ್ತದಾ ಎಂದು ಮಗಳು ತಮಿಳಿನಲ್ಲೇ ಕೆಣಕಿದಳು. ಅಜ್ಜಿಯ ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳು.

“ನಿನ್ನ ಡಾಕ್ಟ್ರ್ ಎಂತ ಕೊಟ್ರ್? ಫೀಸ್ ತಕಂಡ್ ‘ಇಲ್ಲೆ’ ಅಂದ್ರ್. ನನ್ ಗಿಡ ಪುಕ್ಸಟ್ಟೆ ಮಾರಾಯ್ತಿ!”

ಮೂವರೂ ನಕ್ಕೆವು. ಮಗಳು ಬೇಗ ನಿಲ್ಲಿಸಿದಳು.

ಗಿಡ ಹೂ ಬಿಟ್ಟದ್ದು ಮುಂದಿನ ಮಳೆ ಮುಗಿದ ಮೇಲೆ. ಅಷ್ಟರಲ್ಲಿ ಮಗಳ ಮುಖ ಹೋಗಿತ್ತು. ಎದುರಿಗೆ ನಿಂತರೆ ಕಿವಿಯೋಲೆ ಇರುತ್ತಿತ್ತು, ಜಡೆ ಇರುತ್ತಿತ್ತು, ನಡುವೆ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಬೂದು ಬಣ್ಣ.

ಬೆಳಿಗ್ಗೆ ಹೂ ಬಿಡಿಸಿ, ತೊಟ್ಟು ತೆಗೆದು, ಹಾಲು ಕಣ್ಣಿಗೆ ಉರಿ ಎಂದು ಮತ್ತೆ ಮತ್ತೆ ತೊಳೆದು ಅತ್ತೆ ನನ್ನನ್ನು ಮಲಗಿಸುತ್ತಿದ್ದರು. ರೆಪ್ಪೆಯ ಮೇಲೆ ಇಡುವ ಮೊದಲು ಒಂದು ಹೂವನ್ನು ಎದುರು ಹಿಡಿದು ಕೇಳುವರು: “ಎಷ್ಟ್ ಎಸಳ್ ಕಾಣತ್ತ್, ಹೆಣ್ಣೇ?”

“ಐದು.”

ಅದಕ್ಕೆ ಕಣ್ಣು ಬೇಕಾಗಿರಲಿಲ್ಲ. ಆದರೆ ಆ ಉತ್ತರ ಕೇಳಿ ಅವರು ಅಡುಗೆಮನೆಗೆ ಹೋಗುವ ಹೆಜ್ಜೆ ಹಗುರಾಗುತ್ತಿತ್ತು, ಹೋಟೆಲಿನಲ್ಲಿದ್ದ ಮಗನಿಗೆ ಫೋನಿನಲ್ಲಿ “ಹೂವಿನ ಗುಣ ಕಾಣ್!” ಎನ್ನುವುದು ನನಗೂ ಕೇಳುತ್ತಿತ್ತು. ಕೇಳಿ ಕೇಳಿ, ನಿಜವಾಗಿ ಐದು ಕಂಡೆನೇನೋ ಎಂದು ನಾನೂ ಕೆಲವು ದಿನ ನಂಬಿದೆ.

ಒಂದು ಬೆಳಿಗ್ಗೆ ಎಂದಿನಂತೆ “ಐದು” ಎಂದೆ. ಅತ್ತೆ ಎದುರು ಹಿಡಿದ ಮಸುಕು ಬಿಳುಪು ಹಾಗೇ ನಿಂತಿತ್ತು. ಆಮೇಲೆ, “ಹೂಂ. ಐದೇ,” ಎಂದು ಹೂವನ್ನು ರೆಪ್ಪೆಯ ಮೇಲಿಟ್ಟು, ಎಂದಿಗಿಂತ ಹೆಚ್ಚು ಹೊತ್ತು ಕೈ ಅಲ್ಲೇ ಬಿಟ್ಟರು.

ಅವರು ಎದ್ದು ಹೋದ ಮೇಲೆ ಆ ಹೂವನ್ನು ಕೈಗೆ ತೆಗೆದುಕೊಂಡೆ. ಅಂಚಿನ ಗುಂಟ ಬೆರಳು ಆಡಿಸಿದೆ. ನಾಲ್ಕು ಎಸಳು, ಆಮೇಲೆ ಖಾಲಿ. ಒಂದು ಎಲ್ಲೋ ಹರಿದುಹೋಗಿತ್ತು.

ಮರುದಿನವೂ ಹೂ ಬಂತು, ಇವತ್ತೂ ಬಂದಿದೆ. ಅತ್ತೆ ಈಗ ಎಣಿಸಲು ಹೇಳುವುದಿಲ್ಲ, ಮಗನಿಗೆ ಫೋನಿನಲ್ಲಿ ಗಿಡದ ಸುದ್ದಿ ಎತ್ತುವುದಿಲ್ಲ.

“ತಂಪ್ ಆತ್ತಾ?” ಎಂದಷ್ಟೇ ಕೇಳುತ್ತಾರೆ.

“ಆಗುತ್ತೆ ಅತ್ತೆ,” ಎನ್ನುತ್ತೇನೆ. ತಂಪು ಆಗುತ್ತದೆ.