ಹಗರಿ ದಂಡೆಯ ಮಣ್ಣಿಗೆ ಬಂದವಳು

ಸಿರಿಗೇರಿಯಿಂದಾಚೆ, ಹಗರಿ ಹೊಳೆಯ ಹತ್ತಿರದ ಒಂದು ಮನೆಯ ಬಾಗಿಲಲ್ಲಿ ನಿಂತು, ನನ್ನಿಂದಾದಷ್ಟು ವಿನಯದಿಂದ, "ಬಳ್ಳಾರಿಯಿಂದ ಬಂದದ್ದು, ಮಣ್ಣಿಗೆ" ಎಂದೆ. ಒಳಗೆ ವಯಸ್ಸಾದ ಹೆಂಗಸೊಬ್ಬರು ಗೊಳೋ ಎಂದು ಅಳತೊಡಗಿದರು. ಕಟ್ಟೆಯ ಮೇಲೆ ಕೂತಿದ್ದವರು ದಡಬಡ ಎದ್ದು ಒಳಗೋಡಿದರು. ಸ್ವಲ್ಪ ಹೊತ್ತಿಗೆ ಆ ಮನೆಯ ಸೊಸೆ ಶಾರದಮ್ಮ ಫೋನು ಹಿಡಿದುಕೊಂಡೇ ಹೊರಗೆ ಬಂದಳು. "ನಮ್ಮ ಮಾವ ದವಾಖಾನ್ಯಾಗ ಕುಂತು ಚಾ ಕುಡಿಯಾಕ ಹತ್ಯಾರ. ನಿಮಗ ಯಾರ್ರೀ ಹೇಳಿದ್ದು ಮಣ್ಣು ಅಂತ?" ಎಂದು ಕೇಳಿ ಬಾಗಿಲು ಹಾಕಿಕೊಂಡಳು.

ಸಂಜೆ ಬಳ್ಳಾರಿಗೆ ಮರಳಿ, ನನ್ನ ಮನೆಯ ಮಾಲೀಕರಾದ ಮೆಹಬೂಬಿ ಟೀಚರಿಗೆ ನಡೆದದ್ದು ಹೇಳಿದೆ. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು ಅವರು. ಮೊದಲು ಗಾಬರಿಯಿಂದ ಬಾಯಿ ಮುಚ್ಚಿಕೊಂಡರು, ಆಮೇಲೆ ತಡೆಯಲಾರದೆ ನಕ್ಕರು. "ಇಲ್ಲಿ ಮಣ್ಣಿಗೆ ಹೋಗಾದು ಅಂದ್ರ ಸತ್ತೋರನ್ನ ಹೂಳಾಕ ಹೋಗಾದ್ರೀ ಮೇಡಮ್. ಅವ್ರ ಮಂದ್ಯಾಗೂ ಹೂಳ್ತಾರ, ನಮ್ಮ ಮಂದ್ಯಾಗೂ ಹೂಳ್ತೀವಿ. ಮುಂಜಾನಿ ಮುದುಕನ್ನ ದವಾಖಾನಿಗೆ ಕಳಿಸಿ ಕುಂತಾರ, ಅಂಥಾ ಮನಿಗೆ ಹೋಗಿ ನೀವು ಹಿಂಗ ಅಂದ್ರ ಏನು ತಿಳ್ಕೋಬೇಕು ಅವ್ರು?"

ನಮ್ಮ ಕುಂದಾಪುರದ ಕಡೆ ಸುಡುವುದೇ ಹೆಚ್ಚು. ಮಣ್ಣೆಂದರೆ ಬರೀ ಮಣ್ಣು, ಮತ್ತು ನನಗಂತೂ ಅದೇ ಅನ್ನ. ನಾನು ಭೂವಿಜ್ಞಾನದವಳು. ಹೊಳೆ ತಂದು ಹಾಕಿದ ಮಣ್ಣಿನ ಪದರಗಳನ್ನು ನೋಡಿ ಹಿಂದೆ ಮಳೆ ಹೇಗಿತ್ತು ಎಂದು ತಿಳಿಯುವುದು ನನ್ನ ಕೆಲಸ. ದಪ್ಪ ಮರಳಿದ್ದರೆ ದೊಡ್ಡ ನೆರೆ ಬಂದಿತ್ತು, ನುಣ್ಣನೆ ಜೇಡಿ ಇದ್ದರೆ ನೀರು ಸುಮ್ಮನೆ ನಿಂತಿತ್ತು, ಗಾಳಿ ತೂರಿ ತಂದ ಮರಳಿದ್ದರೆ ಹೊಳೆಯೇ ಒಣಗಿತ್ತು. ಭೂಪಟದಲ್ಲಿ ವೇದಾವತಿ ಎಂದಿರುವ ಹೊಳೆಯನ್ನು ಇಲ್ಲಿ ಎಲ್ಲರೂ ಹಗರಿ ಎನ್ನುತ್ತಾರೆ. ಅದರ ದಂಡೆಯಲ್ಲಿ ಈ ಮೂರೂ ಒಂದರ ಮೇಲೊಂದು ಕೆಡದೆ ಉಳಿದ ದಿಬ್ಬ ನನಗೆ ಕಂಡದ್ದು ಒಂದೇ. ಅದು ಆಸ್ಪತ್ರೆಯಲ್ಲಿ ಚಹಾ ಕುಡಿಯುತ್ತಿದ್ದ ಗಾದಿಲಿಂಗಪ್ಪನವರ ಹೊಲದಲ್ಲಿತ್ತು. ಕಾಲುವೆಗೆ ನೀರು ಬಿಡುವ ಮೊದಲು ಆ ದಿಬ್ಬ ಕಡಿಸಿ ಭತ್ತದ ಗದ್ದೆ ಮಾಡುವುದೆಂದು ಮನೆಯವರು ತೀರ್ಮಾನಿಸಿದ್ದರು. ಅಷ್ಟರೊಳಗೆ ನನಗೆ ಮಣ್ಣು ಸಿಕ್ಕರೆ ಕೆಲಸ ಮುಗಿಸಿ ಊರಿಗೆ ಹೋಗಬಹುದು. ಸಿಗದಿದ್ದರೆ ಇನ್ನೊಂದು ದಿಬ್ಬ ಹುಡುಕುತ್ತಾ ಇಲ್ಲೇ ಇರಬೇಕು. ಇಲ್ಲಿರುವುದು ನನಗೆ ಬೇಡವಾಗಿತ್ತು.

ಬಳ್ಳಾರಿ ಕೆಟ್ಟ ಊರೆಂದು ಅಲ್ಲ. ಕಂಟೋನ್ಮೆಂಟಿನ ನನ್ನ ಮನೆ ಹಳೆಯದು, ಗೋಡೆ ದಪ್ಪ, ಮಾಡು ಎತ್ತರ. ಊರಲ್ಲಿ ಅಕ್ಕನ ಮನೆಯಲ್ಲಿ ನಾವು ಒಬ್ಬರ ಮೈಮೇಲೆ ಒಬ್ಬರು ಬೀಳುವ ಹಾಗೆ ಇದ್ದವರು. ಇಲ್ಲಿ ನಾನು ಕೆಮ್ಮಿದರೆ ನನಗೇ ತಿರುಗಿ ಕೇಳುತ್ತದೆ. ಊರಲ್ಲಿ ನೆರೆಮನೆಯವರು "ಎಂತ ಪದಾರ್ಥ?" ಎಂದು ದಿನಾ ಸಾರು-ಪಲ್ಯ ವಿಚಾರಿಸುವುದು ನನಗೆ ಕಿರಿಕಿರಿಯಾಗಿತ್ತು. ಇಲ್ಲಿ ಯಾರೂ ಕೇಳಲಿಲ್ಲ. ಮೀನಿನ ಸಾರು ಮಾಡಿ ಒಬ್ಬಳೇ ಉಣ್ಣುವಾಗ ನನಗೆ ಅಳು ಬಂದದ್ದುಂಟು, ಅದಕ್ಕೆ ಮೆಣಸಿನ ಮೇಲೆ ಗೂಬೆ ಕೂರಿಸುವುದಿಲ್ಲ. ಒಗ್ಗರಣೆ ಮಂಡಕ್ಕಿ, ಮಿರ್ಚಿ ರೂಢಿಯಾದವು. ಒಂಟಿಯಾಗಿ ತಿನ್ನುವುದು ಮಾತ್ರ ರೂಢಿಯಾಗಲಿಲ್ಲ.

ಕುರುಗೋಡಿನ ಬೋಳು ಬಂಡೆಗಳನ್ನು ದಾಟಿ ಹೋಗುವಾಗ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಮ್ಮ ಕರಾವಳಿ ಕೂತಿರುವುದು ಹಳೆಯ ನೆಲದ ಪಶ್ಚಿಮದ ತುಂಡಿನ ಮೇಲೆ, ಬಳ್ಳಾರಿ ಪೂರ್ವದ ತುಂಡಿನ ಮೇಲೆ. ಅವು ಬೆಸೆದುಕೊಂಡು ಎಷ್ಟೋ ಕಾಲವಾಗಿದೆ. ಬೆಸುಗೆ ಚಿತ್ರದುರ್ಗದ ಆಸುಪಾಸಿನಲ್ಲಿದೆ. ಕಲ್ಲುಗಳಿಗೆ ಹೊಂದಿಕೊಳ್ಳಲು ಬೇಕಾದಷ್ಟು ಸಮಯವಿತ್ತು, ನನಗೆ ಅಷ್ಟಿಲ್ಲ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದರೆ ಅವಳು, "ಕಲ್ಲಿನ ಸುದ್ದಿ ಸಾಕ್ ಮಾರಾಯ್ತಿ, ನೀನ್ ಯಾವಾಗ ಬಪ್ದ್?" ಎಂದಳು. ಪ್ರತಿ ಸಲವೂ ಅವಳದು ಅದೇ ಪ್ರಶ್ನೆ. ದಿಬ್ಬದ ಮಣ್ಣು ಸಿಕ್ಕ ಮರುದಿನವೇ ಎಂದು ನಾನು ಹೇಳುತ್ತಿದ್ದೆ.

ಗಾದಿಲಿಂಗಪ್ಪ ಮನೆಗೆ ಬಂದರೆಂದು ತಿಳಿದ ಮೇಲೆ ಟೀಚರ್ ನನ್ನನ್ನು ಕರೆದುಕೊಂಡು ಹೊರಟರು. "ನೀವು ಬಾಯಿ ಬಿಡಬ್ಯಾಡ್ರಿ" ಎಂದು ದಾರಿಯುದ್ದಕ್ಕೂ ಎಚ್ಚರಿಸಿದರು. ಮುದುಕರು ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ನಮ್ಮಲ್ಲಾದರೆ ಅಜ್ಜ, ಇಲ್ಲಿ ತಾತ.

"ತಪ್ಪಾಯಿತು ತಾತ" ಎಂದೆ, ಟೀಚರ್ ಕಣ್ಣು ಬಿಡುತ್ತಿದ್ದಂತೆಯೇ.

"ತಪ್ಪೇನೈತಿ? ಎಲ್ರೂ ಆಮ್ಯಾಲೆ ಬರ್ತಾರ, ನೀನು ಮೊದ್ಲ ಬಂದಿ" ಎಂದು ಅವರು ನಕ್ಕರು. ಅವರ ಹೆಂಡತಿ ಪಾರ್ವತಮ್ಮ ನಗಲಿಲ್ಲ. ಅವತ್ತು ಅತ್ತವರು ಅವರೇ.

ಟೀಚರ್ ನನ್ನ ಕೆಲಸ ವಿವರಿಸಿದರು. ತಾತ ಒಪ್ಪಿದರು. ಪಾರ್ವತಮ್ಮ ಮಾತ್ರ ನನ್ನನ್ನು ನೋಡದೆ ಟೀಚರಿಗೆ ಹೇಳಿದರು. "ತಗ್ಗು ತೋಡಲಿ. ಆದ್ರ ಈ ಮನ್ಯಾಗ ಮನಷ್ಯಾ ಮಲಗಿರಬೇಕಾದ್ರ ತೋಡಿದ ತಗ್ಗು ಬಾಯಿ ತಕ್ಕೊಂಡು ಇರಬಾರ್ದು. ಹೊತ್ತು ಮುಣುಗೂದ್ರಾಗ ಮುಚ್ಚಬೇಕು."

ನೆಟ್ಟಗೆ ಮಾಡಿದರೆ ಅದು ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ. ಆದರೆ ಅವರ ಹೆದರಿಕೆಗೆ ಕಾರಣ ನಾನೇ ಆಗಿದ್ದೆ. ಆಗಲಿ ಎಂದೆ.

ಮರುದಿನ ಬೆಳಕು ಹರಿಯುವ ಮೊದಲೇ ಇಬ್ಬರು ಕೂಲಿಯವರೊಂದಿಗೆ ಶುರುಮಾಡಿದೆ. ದಿಬ್ಬವನ್ನು ನೆಟ್ಟಗೆ ಕಡಿದು, ಪದರ ಪದರಕ್ಕೂ ಕಬ್ಬಿಣದ ಕೊಳವೆ ಬಡಿದು ಒಳಗಿಳಿಸಿ, ಎಳೆದ ಕೂಡಲೇ ಎರಡೂ ಬಾಯಿಗೆ ಕಪ್ಪು ಬಟ್ಟೆ ಕಟ್ಟಬೇಕು. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು ಪ್ರಯೋಗಾಲಯದವರು ಲೆಕ್ಕ ಹಾಕುತ್ತಾರೆ. ಮಧ್ಯೆ ಬೆಳಕು ಬಿದ್ದರೆ ಲೆಕ್ಕ ಕೆಟ್ಟಿತು. ಮಧ್ಯಾಹ್ನ ಊಟಕ್ಕೂ ನಿಲ್ಲಲಿಲ್ಲ. ಕೊನೆಯ ಕೊಳವೆ ಕಟ್ಟುವಾಗ ಹೊತ್ತು ಬಹಳ ಇಳಿದಿತ್ತು, ತಗ್ಗು ಇನ್ನೂ ತೆರೆದೇ ಇತ್ತು. ಕೂಲಿಯವರೂ ನಾನೂ ಸಲಿಕೆ ಹಿಡಿದೆವು, ಮೂವರಿಂದ ಮುಗಿಯುವ ಹಾಗಿರಲಿಲ್ಲ. ಆಗ ಶಾರದಮ್ಮ ಸೀರೆ ಎತ್ತಿ ಕಟ್ಟಿಕೊಂಡು ಇಳಿದು ಬಂದಳು, ಹಿಂದೆಯೇ ಪಾರ್ವತಮ್ಮ ಪುಟ್ಟಿ ಹಿಡಿದು ಬಂದರು. ಎಲ್ಲರೂ ಸೇರಿ ತಗ್ಗು ಮುಚ್ಚಿ, ಕಾಲಿಂದ ತುಳಿದು ಸಮ ಮಾಡಿದೆವು.

ಕೈಕಾಲು ತೊಳೆಯಲು ನೀರು ಹಾಕುತ್ತಾ ಶಾರದಮ್ಮ ಕೇಳಿದಳು, "ಕೆಲಸ ಆತಲ್ರೀ ಅಕ್ಕಾರ, ಇನ್ನ ನಿಮ್ಮೂರಿಗೆ ಹೋಗಾಕ ಅಡ್ಡಿಯಿಲ್ಲ?"

ಈ ಊರಿನಲ್ಲಿ ನನ್ನನ್ನು ಅಕ್ಕಾ ಎಂದವಳು ಅವಳೇ ಮೊದಲು. ಬಂದ ದಿನದಿಂದ ನಾನು ಕಾದದ್ದು ಇದೇ ಸಂಜೆಗೆ, ಹೌದು ಎಂದರೆ ಸಾಕಿತ್ತು.

"ಇಲ್ಲ ಶಾರದಾ, ಇನ್ನಾ ಭಾಳ ಐತಿ" ಎಂದೆ.

ಐತಿ ಎಂಬುದು ನನ್ನ ಬಾಯಿಗೆ ತಾನಾಗಿ ಬಂತು. ಮಾತು ಮಾತ್ರ ಸುಳ್ಳು. ಕೊಳವೆಗಳನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಇಲ್ಲಿ ನನಗೆ ಮಾಡಲು ಏನೂ ಉಳಿದಿರಲಿಲ್ಲ. ಅವಳು ತಂಬಿಗೆ ಕೆಳಗಿಟ್ಟು, "ಹಂಗಾರ ನಾಳಿ ಊಟಕ್ಕ ಬರ್ರಿ" ಎಂದಳು. ಮರುದಿನ ಕೊಳವೆ ಸಲಿಕೆ ಏನೂ ಇಲ್ಲದೆ ಹೋಗಿ, ಪಾರ್ವತಮ್ಮನ ಪಕ್ಕ ಕೂತು ರೊಟ್ಟಿ ಉಂಡು ಬಂದೆ. ಆಮೇಲೂ ಹೋಗಿದ್ದೇನೆ. ಅಲ್ಲಿಂದ ಮನೆಗೆ ಬಂದ ಮೇಲೆ ಊರಿನ ನೆನಪು ಮೊದಲಿಗಿಂತ ಹೆಚ್ಚೇ ಆಗುತ್ತದೆ, ಯಾಕೆಂದು ತಿಳಿಯದು.

ದಿಬ್ಬದ ಮಣ್ಣು ಇನ್ನೂ ಸಿಕ್ಕಿಲ್ಲವೆಂದೇ ಅಕ್ಕ ನಂಬಿದ್ದಾಳೆ. ನನಗಾಗಿ ಕೋಣೆ ಖಾಲಿ ಇಟ್ಟಿದ್ದಾಳೆ. ನಾನು ಬರೆದದ್ದನ್ನೆಲ್ಲ ಅವಳು ತಪ್ಪದೆ ಓದುತ್ತಾಳೆ, ಇದನ್ನೂ ಓದುತ್ತಾಳೆ.