ಕಾಟಾದ ಮೇಲಿನ ಮೊದಲ ಖೇಪು

ಅಲಖನೂರಿನ ಕುರಿಗಾರ ಜಕ್ಕಪ್ಪನ ಮಗಳು ಕೋಮಲ, ಕೃಷ್ಣೆಯ ದಂಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಎಂಜಿನಿಯರ್. ಕಬ್ಬಿನ ಟ್ರ್ಯಾಕ್ಟರ್ ತೂಗುವ ಕಾಟಾದ ಬಳಿ ಈ ಹಂಗಾಮಿಗೆ, ಚಾಲಕರ ಗುರುತಿನ ಕಾರ್ಡ್ ಓದುವ ಹೊಸ ಕಾರ್ಡ್ ರೀಡರ್ ಬಂದಿತ್ತು. ಅದು ಕಂಪ್ಯೂಟರಿನೊಡನೆ ಮಾತಾಡಲು ಬೇಕಾದ ಪ್ರೋಗ್ರಾಮನ್ನು, ಅಂದರೆ ಡ್ರೈವರನ್ನು, ಬರೆದವಳು ಅವಳೇ. ನಾಲ್ಕು ದಿನದಿಂದ ಅದು ಅವಳ ಮಾನ ಕಳೆಯುತ್ತಿತ್ತು. ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮಾದ ಕರ್ನಲ್ಲೇ ಕುಸಿದು ಪರದೆ ಸ್ತಬ್ಧವಾಗುತ್ತಿತ್ತು, ಅದೂ ಹೆಚ್ಚಾಗಿ ಬೆಳಿಗ್ಗೆ. ಟ್ರ್ಯಾಕ್ಟರುಗಳ ಸಾಲು ಡಾಂಬರು ರಸ್ತೆ ಮುಟ್ಟುತ್ತಿತ್ತು.

"ನಾಳಿ ಮುಂಜಾನಿ ತನಕ ನೋಡ್ತೀನವಾ," ಎಂದರು ಮ್ಯಾನೇಜರ್ ನೇಮಿನಾಥ. "ಆಗಲಿಲ್ಲಂದ್ರ ನಿನ್ನ ಮಷೀನ್ ಕಿತ್ತಿಡೂದ. ಮೊದಲಿನ್ಹಂಗ ಕೈಲೆ ಬರಕೊಂತ ಹೋಗೂನು."

ತನ್ನ ಕೋಣೆಯಲ್ಲಿ ಕೋಮಲ ನೂರು ಸಲ ಕಾರ್ಡ್ ಹಾಕಿ, ಸಾವಕಾಶ ತೆಗೆದು ನೋಡಿದ್ದಳು. ಒಮ್ಮೆಯೂ ಕುಸಿದಿರಲಿಲ್ಲ. ಆದರೆ ಕುಸಿದಾಗಿನ ದಾಖಲೆ ಪ್ರತಿಸಲ ಒಂದೇ ಜಾಗ ತೋರಿಸುತ್ತಿತ್ತು: ಕಾರ್ಡ್ ಹೊರಬಂದಾಗ ಮೆಮೊರಿಯನ್ನು ಬಿಟ್ಟುಕೊಡುವ ಜಾಗ. ಓದಿ ಓದಿ ಬೇಸತ್ತು ಮರುದಿನ ನಸುಕಿಗೇ ಎದ್ದು ಕಾಟಾದ ಹತ್ತಿರ ನಿಂತಳು.

ಆವತ್ತಿನ ಮೊದಲ ಕಬ್ಬಿನ ಹೇರು ತಂದಿದ್ದ ಶೇಡಬಾಳದ ಟ್ರ್ಯಾಕ್ಟರ್ ಚಾಲಕ ಅಪ್ಪಾಸಾಬ ಇಳಿದು ಬಂದ. ಕಾರ್ಡ್ ಒಳಗೆ ತುರುಕಿದವನೇ ಥಟ್ಟನೆ ಎಳೆದು ಎರಡೂ ಕಣ್ಣಿಗೆ ಒತ್ತಿಕೊಂಡ. ಪರದೆ ಸತ್ತುಹೋಯಿತು.

"ಕಾಕಾ, ಇಷ್ಟ ಲಗೂನ ಯಾಕ ತಗದ್ರಿ?"

"ದಿನದ ಮೊದಲ ಖೇಪು ಐತೆವಾ! ಕಣ್ಣಿಗೆ ಒತ್ತಿಕೊಳ್ಳೂದ ಬ್ಯಾಡಾ? ಎಲ್ಲಾರೂ ಮಾಡೂದ ಹಿಂಗ. ಇಷ್ಟ ಸಾಲಿ ಕಲತಿ, ನಮಸ್ಕಾರ ಕಲಸಲಿಲ್ಲೇನ?"

ಕೋಮಲ ನಕ್ಕಳು. ಕಾರ್ಡ್ ಥಟ್ಟನೆ ಎಳೆದರೆ, ಅದರ ಓದು ಮುಗಿಯುವ ಮೊದಲೇ ಅವಳ ಡ್ರೈವರ್ ಮೆಮೊರಿಯನ್ನು ಬಿಟ್ಟುಕೊಡುತ್ತಿತ್ತು. ಹಿಂದಿನಿಂದ ಬಂದ ಅಂಕಿಗಳು ತಮ್ಮದಲ್ಲದ ಜಾಗಕ್ಕೆ ಬೀಳುತ್ತಿದ್ದವು. ಕುರಿ ಇನ್ನೂ ಬರುತ್ತಿರುವಾಗಲೇ ಹಟ್ಟಿ ಕಿತ್ತಂತೆ.

"ತಡದು ತಗೀರಿ ಅಂತ ಬೋರ್ಡ್ ಹಚ್ಚೂನು," ಎಂದರು ಸಾಲು ನಿಂತದ್ದು ಕಂಡು ಬಂದ ನೇಮಿನಾಥ.

"ಬ್ಯಾಡ್ರಿ ಸರ. ಅವರದೇನ ತಪ್ಪಿಲ್ಲ, ನಂದು ತಪ್ಪೈತಿ. ಒಂದ ತಾಸು ಕೊಡ್ರಿ."

ಕಾರ್ಡ್ ಹೊರಬಂದರೆ ಮೊದಲು ಓದನ್ನು ನಿಲ್ಲಿಸಬೇಕು, ಅದು ನಿಂತದ್ದು ಖಾತ್ರಿಯಾದ ಮೇಲೆಯೇ ಮೆಮೊರಿಯನ್ನು ಬಿಡಬೇಕು. ಹಾಗೆ ತಿದ್ದಿ, ಈ ಸಲ ಅಪ್ಪಾಸಾಬನಂತೆಯೇ ಎಳೆದು ಕಣ್ಣಿಗೆ ಒತ್ತಿಕೊಳ್ಳುತ್ತ ಐವತ್ತು ಸಲ ಪರೀಕ್ಷಿಸಿದಳು.

"ಏನಬೇ, ಕಾರ್ಡಿಗೆ ಹರಕಿ ಹೊತ್ತಿಯೇನ?" ಎಂದಳು ಪಕ್ಕದ ಮೇಜಿನ ಸಾರಿಕಾ.

ಕಾಟಾ ಮತ್ತೆ ಶುರುವಾಯಿತು. ಅಪ್ಪಾಸಾಬ ಕಾರ್ಡ್ ಎಳೆದ. "ಮತ್ತೊಮ್ಮೆ ಹಾಕಿ" ಎಂದಿತು ಪರದೆ. ಕುಸಿಯಲಿಲ್ಲ. ಅವನು ಮತ್ತೆ ಹಾಕಿದ, ತೂಕ ಬಿತ್ತು. ಅವನ ಹಿಂದೆ ನಲವತ್ತು ಟ್ರ್ಯಾಕ್ಟರು ತಡೆಯಿಲ್ಲದೆ ದಾಟಿದವು.

ನೇಮಿನಾಥ ಕೊನೆಯ ಗಾಡಿ ಹೋಗುವವರೆಗೂ ಬಿಸಿಲಲ್ಲೇ ನಿಂತಿದ್ದರು. "ಇರಲಿ ಬಿಡವಾ ನಿನ್ನ ಮಷೀನ್," ಎಂದರು. "ಆ ಕಡೀ ಕಾಟಾಕ್ಕೂ ಒಂದ ಹಚ್ಚಿಬಿಡು."