ಕಲ್ಲಿನ ಮೂರನೇ ಸಾಲು

ಅಜ್ಜನ ಮೊಮ್ಮಗ, ಅತ್ತೆಯ ಸೋದರಳಿಯ, ಚಿಕ್ಕವನಿದ್ದಾಗ ಸತ್ತವರಿಗೆ ಫೋನ್ ಮಾಡಿದ್ದ. ಮನೆಯ ಬೀದಿಗೋಡೆಯಲ್ಲಿ ಕೂರಿಸಿದ್ದ ಕಲ್ಲಿನ ಮೇಲೆ, ಯುದ್ಧದಲ್ಲಿ ತೀರಿಕೊಂಡಿದ್ದ ಇಬ್ಬರ, ಅಜ್ಜನ ಅಣ್ಣ ಮತ್ತು ತಮ್ಮನ, ಹೆಸರುಗಳಿದ್ದವು. ಪಕ್ಕದಲ್ಲಿ ಅವರವರ ಸೈನಿಕ ಸಂಖ್ಯೆ. ಹೆಸರಿನ ಪಕ್ಕದ ಅಂಕಿ ಫೋನ್ ನಂಬರಲ್ಲದೆ ಇನ್ನೇನಾದೀತು? ಯಾವುದೋ ಇಸ್ತ್ರಿ ಅಂಗಡಿಯವನು ಫೋನ್ ಎತ್ತಿ, ಇವನು ಹೇಳಿದ ಹೆಸರು ಕೇಳಿ, "ಸಂಜೆ ಬರ್ತಾರೆ" ಅಂದ. ಇವನು ಅದನ್ನೇ ಮನೆತುಂಬ ಸಾರಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಜ್ಜ ಮಾತ್ರ ನಗದೆ, ಕತ್ತಲಾಗುವ ತನಕ ಬಾಗಿಲಲ್ಲೇ ಕೂತಿದ್ದರು.

ಆ ಕಲ್ಲಿನಲ್ಲಿ ಮೂರನೇ ಸಾಲೂ ಇತ್ತು, ಸುಣ್ಣದ ಗಾರೆ ಮೆತ್ತಿದ್ದು. ಅದು ಅಜ್ಜನದೇ ಹೆಸರು. ಯುದ್ಧಕ್ಕೆ ಹೋದ ಮೂವರೂ ಸತ್ತರೆಂದು ಸುದ್ದಿ ಬಂದಾಗ ಮನೆಯವರು ಮೂರೂ ಹೆಸರು ಕೆತ್ತಿಸಿಬಿಟ್ಟಿದ್ದರು. ವರ್ಷದ ಮೇಲೆ ನಡುವಿನವರಾದ ಅಜ್ಜ ಕುಂಟುತ್ತ ಬಂದರು. ಬಂದ ವಾರವೇ ತಮ್ಮ ಹೆಸರಿಗೆ ತಾವೇ ಗಾರೆ ಮೆತ್ತಿದರು.

ಅಜ್ಜ ಹೋಗಿ ಎಷ್ಟೋ ಕಾಲದ ಮೇಲೆ ಗೋಡೆಗೆ ನೀರಿಳಿದು ಕಲ್ಲು ಕಳಚಿ ಬಿತ್ತು. ಅಜ್ಜನ ಮಗಳು, ಅಂದರೆ ಸೋದರಳಿಯನ ಅತ್ತೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಗಿರಾಕಿಗಳ ಬಟ್ಟೆಯನ್ನೆಲ್ಲ ಕುರ್ಚಿಗೆ ಎಸೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಲ್ಲನ್ನು ಮಲಗಿಸಿದಳು. ವರ್ಷ ವರ್ಷ ತಪ್ಪದೆ ಎಣ್ಣೆಬಣ್ಣ ಬಳಿದು ಬಳಿದು ಮೇಲಿನ ಎರಡು ಹೆಸರುಗಳ ಅಕ್ಷರಗಳೂ ತುಂಬಿಹೋಗಿದ್ದವು.

ಔಷಧಿ ಅಂಗಡಿಯಲ್ಲಿ ಸಂಬಳಕ್ಕಿರುವ ಸೋದರಳಿಯ ತನ್ನ ವಿದ್ಯೆ ತೋರಿಸಲು ಬಚ್ಚಲು ತೊಳೆಯುವ ಆಸಿಡ್ ತಂದು ಒಂದು ಮೂಲೆಗೆ ಸುರಿದ. ಕಲ್ಲು ಬುಸುಬುಸು ನೊರೆ ಕಾರಿತು.

"ಲೋ ಡಾಕ್ಟ್ರೇ, ಕಲ್ಲಿಗೆ ಜ್ವರ ಬಂದಿಲ್ಲ. ದೂರ ನಿಂತ್ಕೊಂಡು ದೀಪ ಹಿಡಿ, ಸಾಕು," ಅಂದಳು ಅತ್ತೆ.

ತಪ್ಪಿದ ಹೊಲಿಗೆ ಬಿಚ್ಚುವ ಚೂಪುಕಡ್ಡಿಯಿಂದಲೇ ಅವಳು ಒಂದೊಂದೇ ಗೆರೆ ಹಿಡಿದು ಬಣ್ಣ ಕೆರೆದಳು. ಎರಡು ಹೆಸರು ಎದ್ದುಬಂದವು. ಮೂರನೆಯದಕ್ಕೆ ಕೈ ಹಾಕಿದ್ದೇ ತಡ, ಅವಳ ಅಣ್ಣ, ಎಂದರೆ ಸೋದರಳಿಯನ ಅಪ್ಪ, ಅಡ್ಡ ಬಂದ.

"ಅದನ್ನ ಮುಟ್ಟಬೇಡ. ಅಪ್ಪನೇ ಮುಚ್ಚಿದ್ದು."

"ಮುಚ್ಚಿದ್ರು. ಉಳಿ ಹಿಡಿದು ಅಳಿಸಲಿಲ್ಲವಲ್ಲ."

"ಜನ ಆಡ್ಕೊಳ್ತಾರೆ ಕಣೇ."

"ಆಡ್ಕೊಳ್ಳಲಿ ಬಿಡಣ್ಣ. ಅವರೆಲ್ಲರ ಸೊಂಟದ ಅಳತೆ ನನ್ನ ಹತ್ರ ಇದೆ, ನಾನೂ ಆಡ್ಕೊಳ್ತೀನಿ."

ಅಣ್ಣ ಮಾತು ಬಿಟ್ಟ. ಅತ್ತೆ ಕೆಲಸ ಬಿಡಲಿಲ್ಲ. ಗಾರೆ ಪುಡಿಪುಡಿಯಾಗಿ ಉದುರಿತು. ಒಳಗೆ ಅಜ್ಜನ ಹೆಸರು ನಿನ್ನೆ ಕೆತ್ತಿದಂತೆ ಚೂಪಾಗಿತ್ತು.

ಕಲ್ಲನ್ನು ಮತ್ತೆ ಗೋಡೆಗೆ ಕೂರಿಸಿದ ಬೆಳಿಗ್ಗೆ ಬೀದಿಯವರೆಲ್ಲ ಸೇರಿದರು. ಅತ್ತೆ ಹೊಲಿದು ಹೊದಿಸಿದ್ದ ಬಿಳಿ ಪರದೆಯ ಒಂದು ತುದಿಯನ್ನು ಅಣ್ಣ ತಾನಾಗಿಯೇ ಬಂದು ಹಿಡಿದ. ಮಾತು ಇನ್ನೂ ಇಲ್ಲ. ಪರದೆ ಸರಿಯಿತು. ಅತ್ತೆ ಮೂರು ಹೆಸರನ್ನೂ ಬೀದಿಗೆ ಕೇಳುವಂತೆ ಓದಿದಳು.

ಎದುರಿನ ಬೇಕರಿಯಾತ ಗಂಟಲು ಸರಿಮಾಡಿಕೊಂಡ. "ಅಲ್ಲಮ್ಮ, ಬದುಕಿ ಬಂದವರ ಹೆಸರು ಸತ್ತವರ ಜೊತೆ ಯಾಕೆ?"

ಸೋದರಳಿಯ ಬಾಯಲ್ಲಿದ್ದ ಬಿಸ್ಕತ್ತು ಜಗಿಯುವುದನ್ನು ನಿಲ್ಲಿಸಿದ.

"ಬದುಕಿ ಬಂದಿದ್ದಕ್ಕೆ ನಮ್ಮಪ್ಪ ಸಾಯೋ ತನಕ ನಾಚ್ಕೊಂಡ್ರು, ಅದಕ್ಕೇ ತಮ್ಮ ಹೆಸರು ಮುಚ್ಚಿದ್ರು," ಅಂದಳು ಅತ್ತೆ. "ನನಗೆ ನಾಚಿಕೆ ಇಲ್ಲ. ಟೀ ಆರ್ತಿದೆ, ಕುಡೀರಿ."